ಮನೆ ಹಿಂದಿನ ಗುಡ್ಡ ರೆಸಾರ್ಟಿಗೆ ಕೇಳ್ತಿದಾರೆ, ಕೊಡೋದಾ ಬೇಡ್ವಾ? (ಹೊಸನಗರ ತಾಲೂಕು)

ಚಕ್ರಾ_ಹಿನ್ನೀರು:

ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ನಿದ್ದೆ ಸರಿಯಾಗಿ ಬರ್ತಿಲ್ಲ, ಮನೇಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಅದಕ್ಕೆ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ.

ನಮ್ಮದು ನಗರ ಹೋಬಳಿ. 2 ಎಕರೆ ಅಡಿಕೆ ತೋಟ, ಕೆಳಗೆ ಒಂದು ಎಕರೆ ಗದ್ದೆ, ಅದು ಆಳು ಸಿಗದೆ ಐದು ವರ್ಷದಿಂದ ಬೀಳು ಬಿದ್ದಿದೆ. ಮನೆ ಹಿಂದೆ ಗುಡ್ಡ. ಗುಡ್ಡದ ನೆತ್ತಿ ಮೇಲೆ 3 ಎಕರೆ ಬ್ಯಾಣ (ಹುಲ್ಲುಗಾವಲು), ಅದೂ ನಮ್ಮ ಪಹಣಿಲೇ ಇದೆ, ಬ್ಯಾಣಕ್ಕೂ ತೋಟಕ್ಕೂ ನಡುವೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ತರೋ ಕಾಡು. 1974ರಲ್ಲಿ ಗೇಣಿ ಕಾನೂನು ಬಂದಾಗ ನಮ್ಮಜ್ಜ ಗೇಣಿದಾರರ ಅರ್ಜಿ ಫಾರಂ 7 ಹಾಕಿ, ಭೂ ಟ್ರಿಬ್ಯುನಲ್ಲಿಗೆ ಅಲೆದು ಅಲೆದು ಮಾಡ್ಕೊಂಡ ಜಾಗ ಇದು, ಆ ಹಳೇ ಕಾಗದಾನ ಅಪ್ಪಯ್ಯ ಇವತ್ತಿಗೂ ಟ್ರಂಕಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದಾರೆ.

ನಾನು ಬೆಂಗಳೂರಲ್ಲಿ ಕೆಲಸ. ಅಪ್ಪಯ್ಯಂಗೆ 69, ಅಮ್ಮಂಗೆ ಮಂಡಿ ನೋವು. ಎಲೆಚುಕ್ಕೆ ರೋಗ ಬರೋಕ್ ಮುಂಚೆ ನಮಗೆ 17 ಕ್ವಿಂಟಲ್ ರಾಶಿ ಅಡಿಕೆ ಆಗ್ತಿತ್ತು, ಹೋದ ವರ್ಷ 6 ಕ್ವಿಂಟಲ್. ನೋಡಿದವ್ರಿಗೆ ಗೊತ್ತಿರತ್ತೆ, ಮೊದಲು ಸೋಗೆ ಮೇಲೆ ಸಾಸಿವೆಯಷ್ಟು ಕಂದು ಚುಕ್ಕೆ, ಸುತ್ತ ಹಳದಿ ಉಂಗುರ, ಆಮೇಲೆ ಚುಕ್ಕೆ ಚುಕ್ಕೆ ಕೂಡ್ಕೊಂಡು ಸೋಗೆ ಪೂರ್ತಿ ಸುಟ್ಟಂಗೆ ಆಗಿ ಜೋತು ಬೀಳತ್ತೆ. ಔಷಧಿ ಹೊಡ್ಸೋಣ ಅಂದ್ರೆ ದೋಟಿಯವ್ರು (ಉದ್ದ ಕೋಲಲ್ಲಿ ಕೆಳಗಿಂದಲೇ ಹೊಡೆಯೋರು) ಸಿಗಬೇಕು, ಸಿಕ್ಕ ದಿನ ಮಳೆ ಬಿಡಬೇಕು. ಜುಲೈಲಿ ಊರಿಗೆ ಹೋದಾಗ ಅಪ್ಪಯ್ಯ ಒಬ್ರೇ ಡ್ರಮ್ಮಲ್ಲಿ ಮೈಲುತುತ್ತ ಕದಡ್ತಾ ನಿಂತಿದ್ರು, ಕೈ ಮೊಣಕೈವರೆಗೂ ನೀಲಿ. ಔಷಧಿ ಹೊಡೆಯೋನು ಬರಲೇ ಇಲ್ಲ ಆವತ್ತು.

ಈಗ ವಿಷಯ. ಬೆಂಗಳೂರಿನ ಒಂದು ಪಾರ್ಟಿ ನೆತ್ತಿ ಮೇಲಿನ ಬ್ಯಾಣ ಕೇಳ್ತಿದಾರೆ, ಅಲ್ಲಿಂದ ಚಕ್ರಾ ಡ್ಯಾಮಿನ ಹಿನ್ನೀರು ಚೆನ್ನಾಗಿ ಕಾಣತ್ತೆ. ಒಂದೋ ಕ್ರಯಕ್ಕೆ ಕೊಡಿ, ಇಲ್ಲ 30 ವರ್ಷ ಲೀಸಿಗೆ ಕೊಡಿ ಅಂತಾರೆ. 12 ಕಾಟೇಜು, ಒಂದು ಸ್ವಿಮ್ಮಿಂಗ್ ಪೂಲು, ರಸ್ತೆ ಅವರೇ ಮಾಡ್ಕೊಳ್ತಾರಂತೆ ಬೆಟ್ಟದ ಮೇಲಿಂದ. ದುಡ್ಡು ಎಷ್ಟು ಅಂತ ಬರೆಯಲ್ಲ, ನಾನು ಹತ್ತು ವರ್ಷ ದುಡಿದ್ರೂ ಅಷ್ಟು ಉಳಿಸಕ್ಕಾಗಲ್ಲ. ಊರಲ್ಲಿ ಕೆಲವರು "ಡೆವಲಪ್‌ಮೆಂಟ್ ಆಗ್ಲಿ ಬಿಡಾ, ನಾಲ್ಕು ಹುಡುಗ್ರಿಗೆ ಕೆಲಸ ಸಿಗತ್ತೆ" ಅಂತಿದಾರೆ, ಅದೂ ಸುಳ್ಳಲ್ಲ. ನಮ್ಮ ಪ್ರೈಮರಿ ಸ್ಕೂಲಲ್ಲಿ ಈಗ 9 ಮಕ್ಕಳು.

ಅಪ್ಪಯ್ಯ ಏನೂ ಹೇಳ್ತಿಲ್ಲ. "ನೀನು ನೋಡು" ಅಂತಾರೆ ಅಷ್ಟೆ. ಈ ತರ ಕೊಟ್ಟವ್ರು, ಕೊಡದೇ ಇದ್ದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.


ದರಖಾಸ್ತು:

ಮೊದಲು ಕಾಗದದ ವಿಷಯ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಜನ ಅಡ್ವಾನ್ಸ್ ತಗೊಂಡ ಮೇಲೆ ಕಾಗದ ನೋಡ್ತಾರೆ.

ಲೀಸು ಅನ್ನೋದನ್ನ ಮರೆತುಬಿಡಿ. ಕರ್ನಾಟಕದಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋ ಹಂಗೇ ಇಲ್ಲ, ನಿಮ್ಮಜ್ಜಂಗೆ ಜಮೀನು ಕೊಡ್ಸಿದ ಅದೇ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಅದನ್ನ ನಿಲ್ಸಿದೆ. ಕನ್ವರ್ಷನ್ (ಕೃಷಿಯೇತರ ಅಂತ ಬದಲಾವಣೆ) ಆಗದೇ 100 ರೂಪಾಯಿ ಛಾಪಾ ಕಾಗದದ ಮೇಲೆ 30 ವರ್ಷ ಅಂತ ಬರ್ಕೊಟ್ರೆ ನಾಳೆ ಜಗಳ ಬಿದ್ದಾಗ ನಿಮಗೂ ಹಿಡಿತ ಇರಲ್ಲ. ಕ್ರಯ ಆದ್ರೆ ಆಗತ್ತೆ, 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ಕೃಷಿಕರಲ್ಲದವ್ರೂ ಕೊಳ್ಳಬಹುದು. ನಮ್ಮ ಮಲೆನಾಡಲ್ಲಿ ಬ್ರೋಕರ್‌ಗಳ ಓಡಾಟ ಜಾಸ್ತಿ ಆಗಿದ್ದೂ ಆಮೇಲೇನೆ.

ಇನ್ನೊಂದು ಮುಖ್ಯ. ರಸ್ತೆ ಸೊಪ್ಪಿನ ಬೆಟ್ಟದ ಮೇಲಿಂದ ಅಂದ್ರಲ್ಲ, ಆ ಬೆಟ್ಟ ನಿಮ್ಮದಲ್ಲ. 1964ರ ಭೂ ಕಂದಾಯ ಕಾಯ್ದೆ 79ನೇ ಸೆಕ್ಷನ್ ಪ್ರಕಾರ ಸೊಪ್ಪು, ದರಗು (ಒಣಗಿದ ಎಲೆ), ಕಟ್ಟಿಗೆ ತಗೊಳ್ಳೋ ಸವಲತ್ತು ಮಾತ್ರ ತೋಟದವ್ರಿಗೆ, ಭೂಮಿ ಸರ್ಕಾರದ್ದು. ತೋಟ ಇರೋದಕ್ಕೆ ಬೆಟ್ಟ ಕೊಟ್ಟಿದ್ದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಅಂತ ಲೆಕ್ಕ ಇಟ್ಟಿದ್ರಲ್ಲ, ಸುಮ್ನೆ ಇಟ್ಟಿದ್ದಲ್ಲ ಅದು, ತೋಟದ ಗೊಬ್ಬರ ಎಲ್ಲಿಂದ ಬರಬೇಕು ಅಂತ ಗೊತ್ತಿದ್ದವ್ರು ಇಟ್ಟಿದ್ದು. ಅದರ ಮೇಲೆ ಜೆಸಿಬಿ ಹತ್ತಿಸಿದ್ರೆ ಕೇಸ್ ಪಾರ್ಟಿ ಮೇಲೆ ಮಾತ್ರ ಅಲ್ಲ, ಸವಲತ್ತು ಯಾರ ಹೆಸರಲ್ಲಿದೆ ಅವರ ಮೇಲೂ ಬೀಳಬಹುದು.

ಪಹಣಿ 11ನೇ ಕಾಲಂ ನೋಡಿ ಏನು ಋಣ ಇದೆ ಅಂತ. ಟ್ರಿಬ್ಯುನಲ್ ಆರ್ಡರ್ ನಕಲು ತೆಗೆಸಿ, ಬ್ಯಾಣ ಆ ಆರ್ಡರಲ್ಲೇ ಇದ್ಯಾ ಅಥವಾ ಆಮೇಲೆ ಮಂಜೂರಿ ಆಗಿದ್ದಾ ಅಂತ ನೋಡಿ, ಮಂಜೂರಿ ಆಗಿದ್ರೆ ಷರತ್ತು ಓದಿ. ಅಕ್ಕ ತಂಗಿ ಇದ್ರೆ ಅವರನ್ನ ಈಗ್ಲೇ ಕೂರಿಸಿ ಮಾತಾಡಿ. ಸಹಿ ಮಾಡ್ಸೋವಾಗ ಫೋನ್ ಮಾಡಿ "ಒಂದು ದಿನದ ಮಟ್ಟಿಗೆ ಬಾ" ಅನ್ನೋದು ದೊಡ್ಡ ತಪ್ಪು, ಎಷ್ಟೋ ಮನೆ ಮುರಿದಿದೆ ಅದರಿಂದ.

ಪಶ್ಚಿಮಘಟ್ಟದ ಕಸ್ತೂರಿರಂಗನ್ ವರದಿ ಹೆಸರು ಹೇಳಿ "ನಾಳೆ ಹೆಂಗೂ ಎಲ್ಲಾ ಬಂದ್ ಆಗತ್ತೆ, ಈಗ್ಲೇ ಮಾರಿ" ಅಂತ ಹೆದರಿಸ್ತಾರೆ, ಅದಕ್ಕೆ ಹೆದರಬೇಡಿ. 2024ರ ಜುಲೈ 31ರ ಪರಿಸರ ಸೂಕ್ಷ್ಮ ಪ್ರದೇಶದ ಕರಡಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇತ್ತು, ರಾಜ್ಯ ಸಂಪುಟ ಸೆಪ್ಟೆಂಬರಲ್ಲಿ ಬೇಡ ಅಂತು. ಆ ಕರಡಲ್ಲೂ ತಡೆ ಇದ್ದಿದ್ದು ಗಣಿ, ಕ್ವಾರಿ, ಮರಳು, ಕೆಂಪು ಪಟ್ಟಿ ಕೈಗಾರಿಕೆ, 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡ ಇಂಥದಕ್ಕೆ. ಮಾಮೂಲಿ ತೋಟ ಮನೆ ಮಾಡ್ಕೊಂಡು ಇರೋದಕ್ಕೆ ತಡೆ ಇರ್ಲಿಲ್ಲ.


ಮಾಲತಿ_ಹೊಳೆ:

ನಮ್ಮದು ಆಗುಂಬೆ ಹತ್ರ, ತೀರ್ಥಹಳ್ಳಿ ತಾಲೂಕು. ನಿಮ್ಮ ಪೋಸ್ಟ್ ಓದಿ ಎದೆ ಧಸಕ್ ಅಂತು ಮಾರಾಯ್ರೆ, ನಮ್ಮದೇ ಕತೆ. ಏನು ವ್ಯತ್ಯಾಸ ಅಂದ್ರೆ ಗುಡ್ಡ ಕೊಟ್ಟಿದ್ದು ನಾವಲ್ಲ, ಪಕ್ಕದವ್ರು. ಅನುಭವಿಸ್ತಿರೋದು ನಾವು.

ಒಂದೇ ಪ್ರಶ್ನೆ ಕೇಳ್ತೀನಿ, ನೀವು ಇಷ್ಟುದ್ದ ಬರೆದಿದೀರಿ, ನಿಮ್ಮ ತೋಟಕ್ಕೆ ನೀರು ಎಲ್ಲಿಂದ ಬರತ್ತೆ ಅಂತ ಬರೆದೇ ಇಲ್ಲ. ಅಬ್ಬಿ ನೀರು ತಾನೆ? ಗುಡ್ಡದಿಂದ ಬರೋದು?

ನಮಗೂ ಹಂಗೇ ಇತ್ತು. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಒಂದಕ್ಕೊಂದು ಸೇರಿಸಿ, ಕವೆಗೋಲು ಕೊಟ್ಟು ನೀರು ತರ್ತಿದ್ರು, ಅಪ್ಪ ಕರೀ ಪೈಪ್ ಹಾಕಿದ್ರು. ಕರೆಂಟೂ ಬೇಡ, ಮೋಟರೂ ಬೇಡ, ಹಗಲು ರಾತ್ರಿ ಬಚ್ಚಲ ತೊಟ್ಟಿಗೆ ಬೀಳ್ತಾನೇ ಇರೋದು. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದಿದ್ರೂ ನೀರು ಇಲ್ಲ ಅಂತ ಆಗಿದ್ದು ನಂಗೆ ಗೊತ್ತೇ ಇಲ್ಲ. ಆ ಸದ್ದು ಕೇಳ್ಕೊಂಡೇ ಮಲಗಿ ಅಭ್ಯಾಸ.

ಮೇಲೆ ಗುಡ್ಡ ಮಟ್ಟ ಮಾಡಿದ್ರು, ಬೇಸಿಗೇಲಿ ಜೆಸಿಬಿ ಎರಡು ತಿಂಗಳು. ಮರ ಜಾಸ್ತಿ ಕಡೀಲಿಲ್ಲ ನಿಜವಾಗ್ಲೂ, ಮಣ್ಣು ಕಡಿದ್ರು, ರಸ್ತೆಗೆ ಗುಡ್ಡದ ಹೊಟ್ಟೆ ಅಡ್ಡಕ್ಕೆ ಸೀಳಿದ್ರು. ಮೊದಲ ಮಳೆಗಾಲ ಕೆಂಪು ನೀರು ಬಂತು, ತೋಟದ ಕಪ್ಪು (ಬಸಿಗಾಲುವೆ) ಎಲ್ಲಾ ಹೂಳು ತುಂಬಿ ಅಡಿಕೆ ಬುಡದಲ್ಲಿ ಒಂದು ಗೇಣು ಮಣ್ಣು ಕೂತಿತ್ತು. ಅದನ್ನ ಎತ್ತಿ ಹಾಕ್ಸಿದ್ವಿ. ಎರಡನೇ ವರ್ಷ ಮಾರ್ಚಲ್ಲಿ ಒಂದು ರಾತ್ರಿ ಎಚ್ಚರ ಆಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ, ಆಮೇಲೆ ತಿಳೀತು ತೊಟ್ಟಿ ಸದ್ದು ನಿಂತಿದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಪೈಪಿನ ಬಾಯಲ್ಲಿ ಹನಿ. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮಳೆ ಬೀಳೋ ಊರಿನ ಪಕ್ಕದಲ್ಲಿ ನಾವು ಆ ವರ್ಷ ಏಪ್ರಿಲ್ಲಲ್ಲಿ ಟ್ಯಾಂಕರ್ ತರ್ಸಿದೀವಿ.

ಜನಕ್ಕೆ ಇದು ಅರ್ಥ ಆಗಲ್ಲ, "ನಿಮ್ಮಲ್ಲಿ ಅಷ್ಟು ಮಳೆ ಬರತ್ತಲ್ಲ" ಅಂತಾರೆ. ಮಳೆ ಬಂದ್ರೆ ಆಯ್ತಾ, ಹಿಡ್ಕೊಳ್ಳೋರು ಬೇಕಲ್ಲ. ಕಾನಿನ (ದಟ್ಟ ಕಾಡಿನ) ಒಳಗೆ ದರಗಿನ ಮೇಲೆ ನಡೆದ್ರೆ ಕಾಲು ಹಾಸಿಗೆ ಮೇಲೆ ಇಟ್ಟಂಗೆ ಇಳಿಯತ್ತಲ್ಲ, ನೀರು ನಿಲ್ಲೋದು ಅಲ್ಲಿ, ಅಲ್ಲಿಂದ ನಿಧಾನ ಜಂಬಿಟ್ಟಿಗೆ ಕಲ್ಲಿನ ಸಂದೀಲಿ ಇಳಿದು ಮೇ ತಿಂಗಳವರೆಗೂ ಒಸರ್ತಾ ಇರತ್ತೆ. ಸಿದ್ದಾಪುರ ಕಡೆ ಕತ್ತಲೆಕಾನಲ್ಲಿ ರಾಂಪತ್ರೆ ಮರಗಳ ಜಡ್ಡಿ (ಜೌಗು) ಇದೆ, ಮಂಡಿ ಮಡಚಿದಂಗೆ ಬೇರು ಮೇಲೆ ಎದ್ದಿರತ್ತೆ, ಸುಡು ಬೇಸಿಗೇಲೂ ಕಾಲಡಿ ನೀರು. ನಿಮ್ಮ ಅಬ್ಬಿ ಮೂಲದಲ್ಲೂ ಅಂಥದೇ ಒಂದು ತಂಪು ಜಾಗ ಇರತ್ತೆ, ಹೋಗಿ ನೋಡಿ. ಅದು ಬ್ಯಾಣದ ಕೆಳಗಿದ್ಯಾ, ರಸ್ತೆ ಅದರ ಮೇಲಿಂದ ಬರತ್ತಾ, ಅದನ್ನ ಮೊದಲು ತಿಳ್ಕೊಳ್ಳಿ.

ಇನ್ನೊಂದು ಕೆಲಸ ಮಾಡಿ. 20 ಲೀಟರ್ ಬಕೆಟ್ ಪೈಪಿಗೆ ಹಿಡಿದು ಎಷ್ಟು ಸೆಕೆಂಡಲ್ಲಿ ತುಂಬತ್ತೆ ಅಂತ ಅಳೆಯಿರಿ. 9 ಅಡಿ ಅಂತರ ಅಂದ್ರೆ ಎಕರೆಗೆ 550 ಮರ, ನಿಮ್ಮದು 1,100. ಡ್ರಿಪ್ಪಲ್ಲಿ ಕೊಟ್ರೂ ಬೇಸಿಗೇಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು, ಅಂದ್ರೆ ಹೆಚ್ಚುಕಮ್ಮಿ 20 ಸಾವಿರ ಲೀಟರ್. ಈಗ ಅವರ ಲೆಕ್ಕ ಹಾಕಿ. ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಅಂತ ಸರ್ಕಾರಿ ಲೆಕ್ಕ. 12 ಕಾಟೇಜಲ್ಲಿ 40 ಜನ ಮಲಗಿದ್ರೆ 7,200. ಪೂಲು ಸಣ್ಣದೇ ಇರ್ಲಿ, 8 ಮೀಟರ್ ಉದ್ದ 4 ಮೀಟರ್ ಅಗಲ, ಎದೆಮಟ್ಟ ಅಂದ್ರೆ 1.2 ಮೀಟರ್ ಆಳ, ಅಷ್ಟಕ್ಕೇ 38,400 ಲೀಟರ್. ಆ ನೀರು ಎಲ್ಲಿಂದ ತರ್ತೀರಿ ಅಂತ ಪಾರ್ಟಿನ ಕೇಳಿ. ಬೋರ್ ಅಂತಾರೆ. ನಿಮ್ಮ ಅಬ್ಬಿಯ ಮೇಲೆ ಬೋರ್.

ಮಣ್ಣು ಕುಸಿಯೋ ವಿಷಯ ಹೇಳೋದೇ ಬೇಡ, 2018 ಕೊಡಗು ನೋಡಿದೀವಿ, 2024 ಜುಲೈ 16ಕ್ಕೆ ಶಿರೂರು, 30ಕ್ಕೆ ವಯನಾಡು. ನಿಮ್ಮ ಅಪ್ಪ ಅಮ್ಮ ಮಲಗೋದು ಆ ಗುಡ್ಡದ ಬುಡದಲ್ಲೇ.


ಹುಲಿಕಲ್_ಅಕ್ಕ:

ಇಬ್ರೂ ಹೇಳಿದ್ದು ಸರಿ. ಆದ್ರೂ ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಗುಡ್ಡ ಉಳಿಸಿ ಕಾಡು ಉಳಿಸಿ ಅಂತ ಎಲ್ರೂ ನಮಗೆ ಹೇಳ್ತಾರೆ, ಉಳಿಸ್ಕೊಂಡು ಇಲ್ಲಿ ಇರೋರು ಹೆಂಗೆ ಇರಬೇಕು ಅಂತ ಯಾರೂ ಹೇಳಲ್ಲ. ನನ್ನ ಎರಡನೇ ಹೆರಿಗೆ ಜುಲೈ ತಿಂಗಳು. ರಾತ್ರಿ ಹನ್ನೊಂದಕ್ಕೆ ನೋವು ಶುರು, ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ, ನಮ್ಮವರು ಟಾರ್ಚ್ ಹಿಡ್ಕೊಂಡು ಮಳೇಲಿ ಮೇಲಿನ ಮನೆ ಬಸ್‌ಸ್ಟಾಪ್ ತನಕ ಓಡಿ ಅಲ್ಲಿಂದ ಫೋನ್ ಮಾಡಿ ಜೀಪ್ ಕರ್ಸಿದ್ರು. ಅರ್ಧ ದಾರೀಲಿ ಮರ ಬಿದ್ದಿತ್ತು. ಜೀಪಿನವನ ಹತ್ರ ಕತ್ತಿ ಇತ್ತು, ಗರಗಸ ಇರ್ಲಿಲ್ಲ. ಹತ್ತಿರದ ಆಸ್ಪತ್ರೆಲಿ ಆವತ್ತು ಡಾಕ್ಟರಿಲ್ಲ, ಅಲ್ಲಿಂದ ಶಿವಮೊಗ್ಗಕ್ಕೆ ಕಳ್ಸಿದ್ರು. ಮಗಳು ಹುಟ್ಟಿದ್ದು ಬೆಳಗಿನ ಜಾವ ದಾರೀಲೇ, ಚೆನ್ನಾಗಿದಾಳೆ ದೇವರ ದಯೆ, ಈಗ ಮೂರನೇ ಕ್ಲಾಸು. ಅದಕ್ಕೆ ಊರಿಗೆ ರಸ್ತೆ ಬರತ್ತೆ, ಟವರ್ ಬರತ್ತೆ ಅಂದ್ರೆ ನಂಗೆ ಖುಷಿನೇ ಆಗತ್ತೆ, ಅದನ್ನ ಮುಚ್ಚಿಟ್ಟು ಮಾತಾಡಲ್ಲ.

ಆದ್ರೆ ರೆಸಾರ್ಟ್ ಬಂದ್ರೆ ಅದೆಲ್ಲಾ ಬರತ್ತೆ ಅಂತ ನಂಬಬೇಡಿ. ಅವರ ರಸ್ತೆಗೆ ಗೇಟ್ ಇರತ್ತೆ. ನಮ್ಮ ಹತ್ರ ಒಂದು ಕಡೆ ಹಂಗೇ ಆಗಿದೆ. ಕೆಲಸದ ವಿಷಯನೂ ಅಷ್ಟೆ, ಅಡುಗೆಯವ್ರು, ಮ್ಯಾನೇಜರ್ ಎಲ್ಲಾ ಹೊರಗಿಂದ ಬಂದ್ರು, ನಮ್ಮೂರ ಇಬ್ರಿಗೆ ಸಿಕ್ಕಿದ್ದು ರೂಂ ತೊಳೆಯೋದು.

ನಾವು ಏನು ಮಾಡಿದ್ವಿ ಅಂದ್ರೆ ಹಳೇ ಮನೆಯ ಜಗುಲಿ ಕಡೆ ಮೂರು ರೂಂ ರಿಪೇರಿ ಮಾಡ್ಸಿ ಹೋಂಸ್ಟೇ ಅಂತ ಪ್ರವಾಸೋದ್ಯಮ ಇಲಾಖೆಲಿ ರಿಜಿಸ್ಟರ್ ಮಾಡಿದ್ವಿ. ಮಣ್ಣು ಒಂದು ಬುಟ್ಟಿ ಕಡೀಲಿಲ್ಲ. ಕೊಟ್ಟೆ ಕಡುಬು, ಕೆಸುವಿನ ಪತ್ರೊಡೆ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಮನೇಲಿ ನಾವು ಉಣ್ಣೋದೇ ಬಡಿಸೋದು. ಶನಿವಾರ ಭಾನುವಾರ ಎರಡು ಫ್ಯಾಮಿಲಿ ಬಂದ್ರೆ ಸಾಕು, ಮಕ್ಕಳ ಫೀಸು, ಗ್ಯಾಸು, ಕರೆಂಟ್ ಬಿಲ್ ಅದರಲ್ಲೇ ಆಗತ್ತೆ. ಕಷ್ಟ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಂಡ್ರೆ ಬಂದವ್ರು ಕಿರುಚ್ತಾರೆ, ಉಪ್ಪಿನ ಬಟ್ಟೆ ಇಟ್ಕೊಂಡು ಓಡಾಡಬೇಕು. ಡಿಸೆಂಬರ್ ಮೇಲೆ ಮಳೆ ಬರೋವರೆಗೂ ಯಾರನ್ನೂ ಕಾಡೊಳಗೆ ಬಿಡಲ್ಲ, ಮಂಗನ ಕಾಯಿಲೆ ಹರಡೋ ಉಣುಗಿನ ಭಯ. ಆ ಕಾಯಿಲೆ 1957ರಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರಲ್ಲಿ, 2019ರಲ್ಲಿ ಅರಳಗೋಡಲ್ಲಿ ಅದರಿಂದ ಎಷ್ಟು ಜನ ಹೋದ್ರು ಅಂತ ನಮಗೆಲ್ಲಾ ನೆನಪಿದೆ, ನಾಲ್ಕು ಫೋಟೋಗೋಸ್ಕರ ಯಾರ ಜೀವಾನೂ ಪಣಕ್ಕಿಡಕ್ಕಾಗಲ್ಲ.

ನಿಮ್ಮ ಮನೆ ಹಳೇದಾ? ಜಗುಲಿ, ಉಪ್ಪರಿಗೆ ಇದ್ರೆ ಯೋಚನೆ ಮಾಡಿ. ಆದ್ರೆ ಮನೇಲಿ ಯಾರಾದ್ರೂ ಒಬ್ರು ಇರಲೇಬೇಕು, ಅಮ್ಮನ ಮಂಡಿ ನೋವಿನ ಮೇಲೆ ಹೋಂಸ್ಟೇ ನಡ್ಸೋದು ಆಗದ ಮಾತು. ಬೆಂಗಳೂರಿಂದ ನೀವು ಬರ್ತೀರಾ?


ತುಮರಿ_ದಡ:

ನಾನು ಸಾಗರ ತಾಲೂಕು ಕರೂರು ಹೋಬಳಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆಗಿ ನಮ್ಮ ಹಿರಿಯರ ತೋಟ ಮುಳುಗಿ, ಉಳಿದ ಊರು ನಡುಗಡ್ಡೆ ಆಯ್ತು. ರಾಜ್ಯಕ್ಕೆಲ್ಲಾ ಕರೆಂಟ್ ಕೊಟ್ಟು ನಾವು ಚಿಮಣಿ ಬುಡ್ಡಿ ಹಚ್ಕೊಂಡು ಕೂತವ್ರು. ಸಂಜೆ ಹಿನ್ನೀರು ದಾಟಿಸೋ ಲಾಂಚ್ ನಿಂತ ಮೇಲೆ ಕಾಯಿಲೆ ಬೀಳಬಾರದು ಅಂತಲೇ ಲೆಕ್ಕ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಓಪನ್ ಆಯ್ತು, 2.44 ಕಿಲೋಮೀಟರ್. ನಮ್ಮಮ್ಮ ಅದರ ಮೇಲೆ ನಡ್ಕೊಂಡೇ ಹೋಗಬೇಕು ಅಂತ ಹಟ ಮಾಡಿದ್ಲು, ನಡುವೆ ನಿಂತು ಕೆಳಗೆ ನೋಡಿ "ಇಲ್ಲೇ ಎಲ್ಲೋ ನಮ್ಮ ಕಳ ಇತ್ತು" ಅಂದ್ಲು, ಆಮೇಲೆ ಮಾತಾಡ್ಲಿಲ್ಲ.

ಹುಲಿಕಲ್ ಅಕ್ಕನ ಮಾತು ನಂಗೆ ಪೂರ್ತಿ ಒಪ್ಪಿಗೆ. ಸೇತುವೆ ನಮಗೆ ಬೇಕಿತ್ತು. ಆದ್ರೆ ಸೇತುವೆ ಆದ್ಮೇಲೆ ವಾರಕ್ಕೊಬ್ಬ ಕಾರಲ್ಲಿ ಬಂದು ನೀರಂಚಿನ ಜಾಗ ಕೇಳ್ತಾನೆ. ನಮ್ಮನ್ನ ಒಂದು ಸಲ ಎಬ್ಸಿದ್ದು ಸರ್ಕಾರ, ಕೇಳ್ಲಿಲ್ಲ. ಈಗ ಬರೋರು ಕೇಳ್ತಿದಾರೆ, ಬೇಡ ಅನ್ನೋ ಅವಕಾಶ ಕೈಲಿದೆ. ನಮ್ಮ ಮನೇಲಿ ಬೇಡ ಅಂದಿದೀವಿ. ಸಾಲ ಇದೆ, ಆದ್ರೂ.


ಚಕ್ರಾ_ಹಿನ್ನೀರು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಯುಗಾದಿಗೆ ಊರಿಗೆ ಬಂದಿದೀನಿ, ಅಲ್ಲಿಂದಲೇ ಬರೀತಿರೋದು, ಗೋಡೆ ಮೇಲೆ ಫೋನ್ ಇಟ್ರೆ ಮಾತ್ರ ನೆಟ್ ಬರತ್ತೆ.

ಮಾಲತಿಯವ್ರು ಹೇಳಿದಂಗೆ ನಿನ್ನೆ ಬೆಳಿಗ್ಗೆ ಬಕೆಟ್ ತಗೊಂಡು ಹೋದೆ. ಅಪ್ಪಯ್ಯ ಎಲ್ಲಿಗೆ ಅಂದ್ರು, ಹೇಳಿದೆ. ಏನೂ ಮಾತಾಡ್ದೆ ಚಪ್ಪಲಿ ಹಾಕ್ಕೊಂಡು ಜೊತೆಗೆ ಬಂದ್ರು. ಪೈಪ್ ಹಿಡಿದು ಮೂರು ಸಲ ಅಳೆದೆ, 20 ಲೀಟರಿಗೆ 48 ಸೆಕೆಂಡ್. ನಿಮಿಷಕ್ಕೆ 25, ದಿನಕ್ಕೆ 36 ಸಾವಿರ ಲೀಟರ್. ಇಡೀ ತೋಟಕ್ಕೂ ಮನೆಗೂ ಸಾಕಾಗಿ ಮಿಗತ್ತೆ. ಆ ಪೂಲ್ ಒಂದು ಸಲ ತುಂಬಕ್ಕೆ ಒಂದು ಹಗಲು ಒಂದು ರಾತ್ರಿ ಬಂದ ನೀರು ಪೂರ್ತಿ ಬಿಟ್ರೂ ಸಾಲಲ್ಲ.

ಆಮೇಲೆ ಅಪ್ಪಯ್ಯನೇ ಮೇಲೆ ಕರ್ಕೊಂಡು ಹೋದ್ರು, ಪೈಪಿನ ಗುಂಟ ಹತ್ತಿ. ಅಬ್ಬಿ ಮೂಲ ನಾನು ನೋಡಿದ್ದು ಹೈಸ್ಕೂಲಲ್ಲಿದ್ದಾಗ. ಬ್ಯಾಣದಿಂದ ಐವತ್ತು ಅರವತ್ತು ಹೆಜ್ಜೆ ಕೆಳಗೆ ಅಷ್ಟೆ, ಎರಡು ಬಂಡೆ ಸಂದಿ, ಮೇಲೆ ಒಂದು ದೊಡ್ಡ ಹೆಬ್ಬಲಸಿನ ಮರ, ಬುಡದ ಕಲ್ಲಿಗೆ ಪಾಚಿ. ಪಾರ್ಟಿಯವ್ರು ರಸ್ತೆಗೆ ಗುರುತು ಮಾಡಿ ಬಿಳೀ ಗೂಟ ಹೊಡೆದಿದ್ರು, ನಾನು ಒಪ್ಪೋಕ್ ಮುಂಚೆನೇ, ಅದರಲ್ಲಿ ಒಂದು ಗೂಟ ಆ ಮರದಿಂದ ಆರಡಿ ದೂರ ಇತ್ತು. ಅಪ್ಪಯ್ಯ ಅದನ್ನ ಕಿತ್ತು ಪಕ್ಕಕ್ಕಿಟ್ರು. ಬಾಯಲ್ಲಿ ಆಗ್ಲೂ ಏನೂ ಹೇಳ್ಲಿಲ್ಲ.

ಪಾರ್ಟಿಗೆ ಫೋನ್ ಮಾಡಿ ಆಗಲ್ಲ ಅಂದೆ. ಜಾಸ್ತಿ ಕೊಡ್ತೀವಿ ಅಂದ್ರು. ರೇಟಿನ ವಿಷಯ ಅಲ್ಲ ಅಂದೆ.

ದುಡ್ಡಿನ ಚಿಂತೆ ಹಂಗೇ ಇದೆ. ತಂಗಿ ಹತ್ರ ನಿನ್ನೆ ರಾತ್ರಿ ಮಾತಾಡಿದೆ, ಅವಳಿಗೆ ಗೇಟಿನ ರಸ್ತೆ ವಿಷಯ ಹೇಳಿದ ಮೇಲೆ ಅವಳೂ ಬೇಡ ಅಂದ್ಲು. ಎಲೆಚುಕ್ಕೆಗೆ ಸೀಬಿನಕೆರೆ ಸಂಶೋಧನಾ ಕೇಂದ್ರಕ್ಕೆ ಸೋಗೆ ತಗೊಂಡು ಹೋಗಿ ತೋರ್ಸೋಣ ಅಂತಿದೀವಿ, ಮಳೆಗೆ ಮುಂಚೆ ಊರವ್ರು ಐದಾರು ಮನೆ ಸೇರಿ ಒಂದೇ ದೋಟಿ ತಂಡಕ್ಕೆ ಮುಂಗಡ ಕೊಟ್ಟು ಇಡೋ ಮಾತಾಗಿದೆ. ಒಬ್ರ ತೋಟಕ್ಕೆ ಹೊಡೆದು ಪಕ್ಕದ್ದು ಬಿಟ್ರೆ ರೋಗ ಹೋಗಲ್ಲ ಅಲ್ವಾ. ಹುಲಿಕಲ್ ಅಕ್ಕ, ನೀವು ಕೇಳಿದ್ದಕ್ಕೆ ಉತ್ತರ ಈಗ್ಲೇ ಗೊತ್ತಿಲ್ಲ. ಜಗುಲಿ ಇದೆ, ಉಪ್ಪರಿಗೆನೂ ಇದೆ. ಆಫೀಸಲ್ಲಿ ತಿಂಗಳಿಗೆ ಹತ್ತು ದಿನ ಮನೆಯಿಂದ ಕೆಲಸ ಕೇಳಿದೀನಿ, ಫೈಬರ್ ಲೈನ್ ಪೇಟೆ ತನಕ ಬಂದಿದೆ, ನಮ್ಮ ಮನೆ ತನಕ ಎಳೆಯಕ್ಕೆ ಎಷ್ಟಾಗತ್ತೆ ಅಂತ ನಾಳೆ ವಿಚಾರಿಸ್ತೀನಿ.


ಮಾಲತಿ_ಹೊಳೆ:

48 ಸೆಕೆಂಡ್ ಅಂದ್ರೆ ಒಳ್ಳೇ ನೀರು. ಆ ಹೆಬ್ಬಲಸಿನ ಸುತ್ತ ದರಗು ಗುಡಿಸಬೇಡಿ ಈ ವರ್ಷ, ಬೇರೆ ಕಡೆಯಿಂದ ತನ್ನಿ. ಏಪ್ರಿಲ್ 20ಕ್ಕೆ ಇನ್ನೊಂದು ಸಲ ಅಳೆದು ಇಲ್ಲೇ ಹಾಕಿ. ನಡುವೆ ಮಳೆ ಬಂದ್ರೆ ಮೂರು ದಿನ ಬಿಟ್ಟು ಅಳೆಯಿರಿ.


ಚಕ್ರಾ_ಹಿನ್ನೀರು:

ಹಾಕ್ತೀನಿ. ಅಪ್ಪಯ್ಯ ಆಗ್ಲೇ ಕ್ಯಾಲೆಂಡರಲ್ಲಿ ಬರ್ಕೊಂಡಿದಾರೆ.